ಹೊಲಗೆಲಸದ ಚಿಕ್ಕ ಗಾಯಗಳೂ ಮನೆಯ ಮೂಲಿಕೆಗಳೂ

ವ್ಯವಸಾಯದ ಕೆಲಸವು ಅಲಗುಳ್ಳ ಆಯುಧಗಳಿಲ್ಲದೆ ನಡೆಯತಕ್ಕದ್ದಲ್ಲ. ಭತ್ತ ರಾಗಿಗಳ ಕೊಯ್ಲಿಗೆ ಕುಡುಗೋಲು, ಕಬ್ಬಿಗೆ ಮಚ್ಚು, ಬೇಲಿಗೆ ಕೊಡಲಿ, ಬದುವಿಗೆ ಗುದ್ದಲಿ, ಹೀಗೆ ವರ್ಷದ ಹನ್ನೆರಡು ತಿಂಗಳೂ ಒಕ್ಕಲುಮಕ್ಕಳ ಕೈಯಲ್ಲಿ ಒಂದಲ್ಲ ಒಂದು ಅಲಗು ಇದ್ದೇ ಇರುತ್ತದೆ. ಆದುದರಿಂದ ಬೆರಳು ಕೊಯ್ದುಕೊಳ್ಳುವುದೂ, ಕಬ್ಬಿನ ಸೋಗೆಯಿಂದ ತೋಳು ಗೀರಿಕೊಳ್ಳುವುದೂ, ಅಂಗಾಲಿಗೆ ಜಾಲಿಯ ಮುಳ್ಳು ಹೊಗುವುದೂ ದಿನನಿತ್ಯದ ಸಂಗತಿಗಳಾಗಿವೆ. ಇವುಗಳನ್ನು ಯಾರೂ ದೊಡ್ಡದಾಗಿ ಎಣಿಸುವುದಿಲ್ಲ. ಕೈಗೆ ಸಿಕ್ಕಿದ ಸೊಪ್ಪನ್ನು ಹಿಂಡಿ, ಇಲ್ಲವೆ ಒಂದು ಚಿಟಿಕೆ ಮಣ್ಣನ್ನು ಒತ್ತಿ, ಹಳೆಯ ಬಟ್ಟೆಯ ಚೂರನ್ನು ಸುತ್ತಿ, ಕೆಲಸವನ್ನು ಮುಂದುವರಿಸುವರು. ಬಹುಮಟ್ಟಿಗೆ ಗಾಯವು ತಾನಾಗಿಯೇ ಮಾಯುತ್ತದೆ. ಕೀರ್ತಿಯು ಸೊಪ್ಪಿಗೆ ಸಲ್ಲುತ್ತದೆ. ಆದರೆ ಮಾಯದೆ ಕೆಟ್ಟ ಒಂದು ಗಾಯದಿಂದ ಸಂಸಾರವೊಂದು ದುಡಿಯುವ ಕೈಯನ್ನೇ ಕಳೆದುಕೊಳ್ಳುವುದೂ ಉಂಟು.

ಗದ್ದೆಯಲ್ಲಿ ಆಳಿಗೆ ಏಟು ತಗುಲಿದಾಗ ಅವನು ಮೊದಲು ನೋಡುವುದು ಜಮೀನಿನ ಯಜಮಾನನ ಮುಖವನ್ನು. ಯಜಮಾನನು ಏನು ಹೇಳುವನೋ ಅದೇ ಅಲ್ಲಿಯ ವೈದ್ಯವಾಗುತ್ತದೆ. ಆದಕಾರಣ ಊರಿನ ಮುಖಂಡರೂ ಜಮೀನುದಾರರೂ ಈ ವಿಷಯದಲ್ಲಿ ಸರಿಯಾದ ತಿಳಿವಳಿಕೆಯನ್ನು ಪಡೆದಿರಬೇಕಾದುದು ಅವಶ್ಯಕವು.

೧. ಗಾಯವು ಮಾಯುವ ಬಗೆ

ಚರ್ಮವು ದೇಹಕ್ಕೆ ಬೇಲಿಯಂತಿರುವುದು. ಬೇಲಿಯು ಹರಿದ ಕಡೆಯಲ್ಲಿ ದನಕರುಗಳು ನುಗ್ಗುವಂತೆ, ಚರ್ಮವು ಹರಿದ ಕಡೆಯಲ್ಲಿ ಕಣ್ಣಿಗೆ ಕಾಣದ ರೋಗಾಣುಗಳು ಒಳನುಗ್ಗುವುವು. ಕೊಯ್ದ ಕೂಡಲೇ ರಕ್ತನಾಳಗಳು ಕುಗ್ಗಿ, ರಕ್ತವು ಹೆಪ್ಪುಗಟ್ಟಿ, ಗಾಯದ ಬಾಯಿಯನ್ನು ಮುಚ್ಚುತ್ತದೆ. ಬಳಿಕ ರಕ್ತದಲ್ಲಿರುವ ಬಿಳಿಯ ಕಣಗಳು ಅಲ್ಲಿಗೆ ಬಂದು ಕಸವನ್ನೂ ರೋಗಾಣುಗಳನ್ನೂ ನಾಶಪಡಿಸುತ್ತವೆ. ಆಮೇಲೆ ಹೊಸ ಮಾಂಸವೂ ಅದರ ಮೇಲೆ ಹೊಸ ಚರ್ಮವೂ ಬೆಳೆಯುತ್ತವೆ. ಚಿಕ್ಕ ಗಾಯವಾದರೆ ಒಂದೆರಡು ವಾರಗಳೊಳಗೆ ಈ ಕೆಲಸವೆಲ್ಲ ಮುಗಿಯುವುದು.

ಈ ಕೆಲಸವನ್ನು ಮಾಡುವುದು ದೇಹವೇ ಹೊರತು ಮದ್ದಲ್ಲ. ಒಕ್ಕಲಿಗನು ಬೀಜವನ್ನು ತಾನೇ ಮೊಳೆಯಿಸಲಾರನು. ನೆಲವನ್ನು ಹಸನುಮಾಡಿ, ಕಳೆಯನ್ನು ತೆಗೆದು, ಮೊಳಕೆಗೆ ಅಡ್ಡಿಯಿಲ್ಲದಂತೆ ನೋಡಿಕೊಳ್ಳುವನು. ಗಾಯದ ಉಪಚಾರವೂ ಇಷ್ಟೇ. ಕೊಳೆಯನ್ನು ತೆಗೆಯುವುದು, ಹೊಸ ಕೊಳೆ ಸೇರದಂತೆ ಮುಚ್ಚುವುದು, ಇವೆರಡೇ ಮುಖ್ಯವಾದುವು. ಮೂಲಿಕೆಯ ಸ್ಥಾನವು ಇವೆರಡರ ತರುವಾಯದ್ದು.

೨. ಧನುರ್ವಾಯುವಿನ ಭಯ

ಹೊಲದ ಗಾಯವು ಪಟ್ಟಣದ ಗಾಯಕ್ಕಿಂತ ಹೆಚ್ಚು ಅಪಾಯಕರವಾದುದೆಂಬುದಕ್ಕೆ ಒಂದು ವಿಶೇಷ ಕಾರಣವುಂಟು. ಧನುರ್ವಾಯುವನ್ನುಂಟುಮಾಡುವ ರೋಗಾಣುವು ದನ, ಕುದುರೆ ಮೊದಲಾದ ಪ್ರಾಣಿಗಳ ಕರುಳಿನಲ್ಲಿ ವಾಸಿಸುತ್ತದೆ. ಸಗಣಿಯ ಮೂಲಕವೂ ಗೊಬ್ಬರದ ಮೂಲಕವೂ ಅದು ಮಣ್ಣನ್ನು ಸೇರಿ, ಗಟ್ಟಿಯಾದ ಕವಚವುಳ್ಳ ಬೀಜಾಣುವಿನ ರೂಪದಲ್ಲಿ ವರ್ಷಗಟ್ಟಲೆ ಜೀವಂತವಾಗಿರುತ್ತದೆ. ನೀರು ಕುದಿಯುವಷ್ಟು ಶಾಖದಿಂದ ಸಹ ಈ ಬೀಜಾಣುವು ಸುಲಭವಾಗಿ ಸಾಯುವುದಿಲ್ಲ. ಗಾಳಿಯಾಡದ ಸ್ಥಳವೇ ಅದು ಬೆಳೆಯಲು ಅನುಕೂಲವಾದುದು. ಆದುದರಿಂದಲೇ ಅಗಲವಾಗಿ ತರೆದ ಗಾಯಕ್ಕಿಂತಲೂ ಮುಳ್ಳು ಅಥವಾ ಮೊಳೆಯು ಹೊಕ್ಕು ಬಾಯಿ ಮುಚ್ಚಿಕೊಂಡ ಕಿರಿದಾದ ಗಾಯವು ಹೆಚ್ಚು ಭಯಂಕರವು.

ರೋಗವು ಸಾಮಾನ್ಯವಾಗಿ ೩ ದಿನಗಳಿಂದ ೨೧ ದಿನಗಳೊಳಗಾಗಿ ತಲೆದೋರುತ್ತದೆ. ಅಷ್ಟರೊಳಗೆ ಗಾಯವು ಮಾಯ್ದು ಮರೆತೇಹೋಗಿರಬಹುದು. ಮೊದಲು ದವಡೆ ಬಿಗಿದು ಬಾಯಿ ತೆರೆಯಲಾಗುವುದಿಲ್ಲ. ಕುತ್ತಿಗೆಯೂ ಬೆನ್ನೂ ಸೆಟೆದು ದೇಹವು ಬಿಲ್ಲಿನಂತೆ ಬಾಗುವುದು. ಈ ಸ್ಥಿತಿಗೆ ಯಾವ ಸೊಪ್ಪೂ ಯಾವ ಮಂತ್ರವೂ ಮದ್ದಲ್ಲ. ದೊಡ್ಡ ಆಸ್ಪತ್ರೆಯಲ್ಲಿಯೂ ರೋಗಿಯನ್ನು ಉಳಿಸಿಕೊಳ್ಳುವುದು ಪ್ರಯಾಸಕರವು.

ಆದರೆ ಇದನ್ನು ಮೊದಲೇ ತಡೆಯುವುದು ಬಹು ಸುಲಭ. ನಮ್ಮ ದೇಶವು ಬಾಣಂತಿಯರ ಮತ್ತು ಹಸುಗೂಸುಗಳ ಧನುರ್ವಾಯುವನ್ನು ನಿವಾರಿಸಿತೆಂದು ೨೦೧೫ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ದೃಢಪಡಿಸಿತು. ಗರ್ಭಿಣಿಯರಿಗೆ ತಪ್ಪದೆ ಚುಚ್ಚುಮದ್ದು ಹಾಕಿದುದೂ, ಹೆರಿಗೆಯಲ್ಲಿ ಶುಚಿತ್ವವನ್ನು ಪಾಲಿಸಿದುದೂ ಇದಕ್ಕೆ ಕಾರಣಗಳು. ಈಗ ಮಕ್ಕಳಿಗೆ ಎಳೆವೆಯ ಚುಚ್ಚುಮದ್ದುಗಳಲ್ಲದೆ ೧೦ನೆಯ ಮತ್ತು ೧೬ನೆಯ ವಯಸ್ಸಿನಲ್ಲಿಯೂ ಟಿ.ಡಿ. ಲಸಿಕೆಯನ್ನು ಹಾಕುವ ಏರ್ಪಾಡಿದೆ. ಅದರ ಬಲವು ಕಾಲಕ್ರಮದಲ್ಲಿ ಕುಗ್ಗುವುದರಿಂದ ಪ್ರತಿ ೧೦ ವರ್ಷಗಳಿಗೊಮ್ಮೆ ಪುನಃ ಹಾಕಿಸಿಕೊಳ್ಳುವುದು ಯುಕ್ತವು. ಹೆಂಗಸರಿಗೆ ಗರ್ಭಕಾಲದಲ್ಲಾದರೂ ಲಸಿಕೆಯು ದೊರೆಯುತ್ತದೆ. ನೇಗಿಲು ಗುದ್ದಲಿಗಳನ್ನು ಹಿಡಿಯುವ ಗಂಡಸರಲ್ಲಿ ಅನೇಕರು ಬಾಲ್ಯದ ತರುವಾಯ ಅದನ್ನು ಕಂಡೇ ಇರುವುದಿಲ್ಲ. ಈ ಲೋಪವನ್ನು ಊರಿನ ಹಿರಿಯರು ವಿಶೇಷವಾಗಿ ಗಮನಿಸಬೇಕು.

೩. ಮೊದಲು ಮಾಡತಕ್ಕ ಉಪಚಾರ

ಗಾಯವಾದ ಕೂಡಲೇ ಯಜಮಾನನ ಬಾಯಿಂದ ಹೊರಡುವ ಮೊದಲನೆಯ ಮಾತು "ನೀರು ತನ್ನಿ" ಎಂಬುದಾಗಿರಬೇಕು.

ಉಪಚಾರ ಮಾಡುವವನು ಮೊದಲು ತನ್ನ ಕೈಗಳನ್ನು ಸೋಪು ಹಚ್ಚಿ ತೊಳೆದುಕೊಳ್ಳತಕ್ಕದ್ದು. ರಕ್ತವು ಸುರಿಯುತ್ತಿದ್ದರೆ, ಒಗೆದು ಒಣಗಿಸಿದ ಬಟ್ಟೆಯನ್ನು ಗಾಯದ ಮೇಲಿಟ್ಟು, ಆ ಅಂಗವನ್ನು ಎತ್ತಿ ಹಿಡಿದು, ೧೦ ನಿಮಿಷಗಳ ಕಾಲ ಬಿಡದೆ ಒತ್ತಬೇಕು. "ನಿಂತಿತೇ" ಎಂದು ಪದೇ ಪದೇ ಬಟ್ಟೆಯನ್ನು ಎತ್ತಿ ನೋಡಿದರೆ ಹೆಪ್ಪು ಕಿತ್ತುಹೋಗಿ ರಕ್ತವು ಮತ್ತೆ ಹರಿಯುವುದು. ಗಾಯದ ಮೇಲ್ಗಡೆ ಹಗ್ಗದಿಂದ ಬಿಗಿಯುವುದು ಚಿಕ್ಕ ಗಾಯಕ್ಕೆ ಬೇಕಾದುದಲ್ಲ. ಅದರಿಂದ ಕೇಡೇ ಹೆಚ್ಚು.

ರಕ್ತವು ನಿಂತ ಮೇಲೆ, ಕುಡಿಯಲು ಯೋಗ್ಯವಾದ ನೀರನ್ನು ಧಾರೆಯಾಗಿ ಬಿಟ್ಟು ಕೆಲವು ನಿಮಿಷಗಳ ಕಾಲ ಗಾಯವನ್ನು ಚೆನ್ನಾಗಿ ತೊಳೆಯಬೇಕು. ಗಾಯದ ಸುತ್ತಲಿನ ಚರ್ಮಕ್ಕೆ ಸೋಪನ್ನು ಹಚ್ಚಬಹುದು. ಕಾಲುವೆಯ ನೀರಾಗಲಿ ಗದ್ದೆಯ ನೀರಾಗಲಿ ಸರ್ವಥಾ ಕೂಡದು. ನೀರಿನ ವಿಷಯದಲ್ಲಿ ಸಂಶಯವಿದ್ದರೆ ಕುದಿಸಿ ಆರಿಸಿಕೊಳ್ಳತಕ್ಕದ್ದು. ಮಣ್ಣಿನ ಕಣವಾಗಲಿ ಮುಳ್ಳಿನ ಮುರುಕಾಗಲಿ ಮೇಲೆಯೇ ಕಾಣಿಸಿದರೆ ಕುದಿಸಿದ ಚಿಮಟದಿಂದ ತೆಗೆಯಬಹುದು. ಆಳದಲ್ಲಿದ್ದರೆ ಸೂಜಿಯಿಂದ ಕೆದಕದೆ ವೈದ್ಯರಿಗೆ ತೋರಿಸಬೇಕು. ಕೊನೆಗೆ ಶುಭ್ರವಾದ ಬಟ್ಟೆಯ ಪಟ್ಟಿಯನ್ನು ಕಟ್ಟಿ, ದಿನಕ್ಕೊಮ್ಮೆಯೂ, ಒದ್ದೆಯಾದಾಗಲೆಲ್ಲವೂ ಬದಲಾಯಿಸುತ್ತಿರಬೇಕು. ಗಾಯವುಳ್ಳ ಆಳನ್ನು ಕೆಸರುಗದ್ದೆಗೂ ಕೊಟ್ಟಿಗೆಯ ಕೆಲಸಕ್ಕೂ ಇಳಿಸದೆ ಒಣ ಕೆಲಸಕ್ಕೆ ಹಚ್ಚುವುದು ಉತ್ತಮ.

೪. ಉಪಯೋಗಕ್ಕೆ ಬರುವ ಮೂಲಿಕೆಗಳು

ಮೇಲೆ ಹೇಳಿದಂತೆ ತೊಳೆದ, ಆಳವಿಲ್ಲದ, ಗೀರು ತರಚುಗಳಂಥ ಗಾಯಗಳಿಗೆ ಮಾತ್ರ ಈ ಕೆಳಗಿನವುಗಳನ್ನು ತೆಳ್ಳಗೆ ಉಪಯೋಗಿಸಬಹುದು.

ಅರಿಸಿನ: ಇದರಲ್ಲಿರುವ ಹಳದಿಯ ಸತ್ವಕ್ಕೆ ಬಾವನ್ನು ಇಳಿಸುವ ಗುಣವೂ ಕೆಲವು ರೋಗಾಣುಗಳನ್ನು ತಡೆಯುವ ಗುಣವೂ ಇರುವುವೆಂದು ಪರೀಕ್ಷೆಗಳಿಂದ ತಿಳಿದುಬಂದಿದೆ. ೧೯೯೫ರಲ್ಲಿ ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾನಿಲಯದ ವೈದ್ಯಕೀಯ ಕೇಂದ್ರವು, ಗಾಯವನ್ನು ಮಾಯಿಸಲು ಅರಿಸಿನವನ್ನು ಬಳಸುವ ಕ್ರಮಕ್ಕೆ ಪೇಟೆಂಟ್ ಪಡೆದಿತ್ತು. ಇದು ಭಾರತದಲ್ಲಿ ಪರಂಪರೆಯಿಂದ ಬಂದ ತಿಳಿವಳಿಕೆಯೆಂದು ನಮ್ಮ ವೈಜ್ಞಾನಿಕ ಮತ್ತು ಔದ್ಯಮಿಕ ಸಂಶೋಧನಾ ಮಂಡಳಿಯು ಹಳೆಯ ಗ್ರಂಥಗಳ ಸಾಕ್ಷ್ಯವನ್ನು ಒಡ್ಡಿದ ಮೇಲೆ ೧೯೯೭ರಲ್ಲಿ ಆ ಪೇಟೆಂಟ್ ರದ್ದಾಯಿತು. ಇದು ನಮಗೆ ಅಭಿಮಾನದ ಸಂಗತಿಯೇ ಸರಿ. ಆದರೆ ಅದರಿಂದ ಸಿದ್ಧವಾದುದು ಬಳಕೆಯ ಪ್ರಾಚೀನತೆ. ತೊಳೆಯದ ಗಾಯವನ್ನು ಅರಿಸಿನವು ಶುದ್ಧಮಾಡುವುದೆಂದು ಅದರಿಂದ ಸಿದ್ಧವಾಗಲಿಲ್ಲ.

ಇನ್ನೊಂದು ಮಾತು. ಅರಿಸಿನವನ್ನು ಬೇಯಿಸಿದ ಮೇಲೆ ಅನೇಕ ಕಡೆಗಳಲ್ಲಿ ನೆಲದ ಮೇಲೆಯೇ ಹರಡಿ ಒಣಗಿಸುವ ರೂಢಿಯಿದೆ. ಸಗಣಿಯಿಂದ ಸಾರಿಸಿದ ಕಣದಲ್ಲಿ ಒಣಗಿದ ಅರಿಸಿನಕ್ಕೆ ಸಗಣಿಯ ಧೂಳೂ ಅಂಟಿರುವುದು. ಪೇಟೆಯ ಪುಡಿಗೆ ಬಣ್ಣ ಬರಲೆಂದು ಸೀಸವುಳ್ಳ ವಿಷದ ಬಣ್ಣವನ್ನು ಬೆರಸುವವರೂ ಉಂಟು. ಆದುದರಿಂದ ಡಬ್ಬಿಯ ಪುಡಿಯನ್ನು ಗಾಯಕ್ಕೆ ತುಂಬುವುದು ಸರಿಯಲ್ಲ. ಶುಚಿಯಾಗಿ ಒಣಗಿಸಿ ಇಟ್ಟ ಕೊಂಬನ್ನು ಚೆನ್ನಾಗಿ ತೊಳೆದು, ಮೇಲಿನ ಸಿಪ್ಪೆಯನ್ನು ಹೆರೆದು, ತೊಳೆದ ಕಲ್ಲಿನ ಮೇಲೆ ಕುದಿಸಿ ಆರಿಸಿದ ನೀರಿನಿಂದ ತೇಯ್ದು, ತೆಳುವಾಗಿ ಸವರತಕ್ಕದ್ದು.

ಜೇನುತುಪ್ಪ: ಇದರಲ್ಲಿ ನೀರಿನ ಅಂಶವು ಅತ್ಯಲ್ಪವಾಗಿಯೂ ಹುಳಿಯ ಗುಣವು ಹೆಚ್ಚಾಗಿಯೂ ಇರುವುದರಿಂದ ರೋಗಾಣುಗಳು ಬೆಳೆಯಲಾರವು. ಆಸ್ಪತ್ರೆಗಳಲ್ಲಿ ಗಾಯಕ್ಕೆ ಬಳಸುವ ಜೇನನ್ನು ವಿಶೇಷ ಕಿರಣಗಳಿಂದ ಶುದ್ಧಿಪಡಿಸಿರುತ್ತಾರೆ; ಕಾಡುಜೇನು ಹಾಗಲ್ಲ. ಬೆಲ್ಲದ ಪಾಕ ಬೆರೆಯದ, ಶೋಧಿಸಿದ ತುಪ್ಪವನ್ನು ಮೇಲ್ಮೈಯ ತರಚಿಗೆ ಮಾತ್ರ ಹಚ್ಚಬಹುದು. ಒಂದು ವರ್ಷಕ್ಕೆ ಕಡಮೆಯಾದ ಶಿಶುವಿಗೆ ಜೇನನ್ನು ನೆಕ್ಕಿಸಲೂ ಕೂಡದು, ಗಾಯಕ್ಕೆ ಹಚ್ಚಲೂ ಕೂಡದು.

ಲೋಳೆಸರ: ಎಲೆಯನ್ನು ಕೊಯ್ದೊಡನೆ ಸಿಪ್ಪೆಯ ಅಡಿಯಿಂದ ಹಳದಿಯ ಕಹಿ ರಸವು ಒಸರುತ್ತದೆ; ಅದು ಚರ್ಮವನ್ನು ಕೆರಳಿಸುವಂಥದು. ಎಲೆಯನ್ನು ನೆಟ್ಟಗೆ ನಿಲ್ಲಿಸಿ ಆ ರಸವು ಸೋರಿದ ಮೇಲೆ ತೊಳೆದು, ಸಿಪ್ಪೆ ತೆಗೆದು, ಒಳಗಿನ ತಿಳಿಯಾದ ಲೋಳೆಯನ್ನು ಮಾತ್ರ ಉಪಯೋಗಿಸಬೇಕು. ತರಚಿದ ಗಾಯಕ್ಕೂ ಅಲ್ಪಸ್ವಲ್ಪ ಸುಟ್ಟ ಗಾಯಕ್ಕೂ ಇದು ತಂಪು.

ಬದುವಿನ ಜಯಂತಿ ಸೊಪ್ಪು: ಇದಕ್ಕೆ ಗಬ್ಬುಸಣ್ಣಶಾವಂತಿಗೆ ಎಂದೂ ಹೆಸರುಂಟು. ನೆಲದ ಮೇಲೆ ಹಬ್ಬಿ, ರೋಮವುಳ್ಳ ಗರಗಸದಂಚಿನ ಎಲೆಗಳನ್ನೂ, ಉದ್ದವಾದ ತೊಟ್ಟಿನ ತುದಿಯಲ್ಲಿ ಹಳದಿಯ ನಡುವೂ ಬಿಳಿಯ ಎಸಳುಗಳೂ ಉಳ್ಳ ಒಂಟಿ ಹೂವನ್ನೂ ಬಿಡುತ್ತದೆ. ಇದರ ತವರು ಅಮೆರಿಕ ಖಂಡವಾದರೂ ನಮ್ಮ ದನಗಾಹಿಗಳೆಲ್ಲರೂ ಇದರ ರಸವನ್ನು ಬಲ್ಲರು. ಮಲೆನಾಡಿನಲ್ಲಿ ಕಮ್ಯುನಿಸ್ಟ್ ಗಿಡವೆಂದು ಕರೆಯುವ ಸೊಪ್ಪನ್ನೂ ಹೀಗೆಯೇ ಹಿಂಡುವುದುಂಟು. ಅದೂ ಅಮೆರಿಕದಿಂದ ಬಂದುದೇ. ಇವುಗಳ ರಸವು ರಕ್ತವನ್ನು ಬೇಗ ಹೆಪ್ಪುಗಟ್ಟಿಸುವುದೆಂಬ ಅನುಭವಕ್ಕೆ ಪ್ರಯೋಗಶಾಲೆಯ ಪರೀಕ್ಷೆಗಳಲ್ಲಿಯೂ ಸ್ವಲ್ಪ ಬೆಂಬಲವು ದೊರೆತಿದೆ. ಆದರೆ ಬದುವಿನ ಸೊಪ್ಪಿನ ಮೇಲೆ ದನವು ತುಳಿದ ಮಣ್ಣಿರುವುದು. ಈಚಿನ ದಿನಗಳಲ್ಲಿ ಕಳೆನಾಶಕ ಕೀಟನಾಶಕಗಳ ಸಿಂಪರಣೆಯೂ ಬಿದ್ದಿರಬಹುದು. ಅಗಿದು ಉಗುಳಿ ಹಚ್ಚುವ ರೂಢಿಯಂತೂ ಅತ್ಯಂತ ಹೇಯವು, ಬಾಯಿಯ ರೋಗಾಣುಗಳು ಅದರಿಂದ ಗಾಯಕ್ಕೆ ಸೇರುವುವು. ಪಾರ್ಥೇನಿಯಂ ಕಳೆಯು ಮೈಗೆ ತಗುಲಿ ತುರಿಕೆಯೇಳುವವರಿಗೆ ಈ ಎರಡು ಸೊಪ್ಪುಗಳೂ ಒಗ್ಗದಿರಬಹುದು, ಏಕೆಂದರೆ ಮೂರೂ ಒಂದೇ ಸಸ್ಯವಂಶಕ್ಕೆ ಸೇರಿದುವು. ಇಂಥ ಮೂಲಿಕೆಗಳು ಬೇಕೆಂಬವರು ಮನೆಯ ಕೈತೋಟದಲ್ಲಿ, ದನಗಳು ಸುಳಿಯದ ಒಂದು ಮಡಿಯಲ್ಲಿ ಬೆಳೆಸಿಕೊಂಡು, ತೊಳೆದು ಬಳಸುವುದೇ ಲೇಸು.

೫. ಹಚ್ಚಕೂಡದ ವಸ್ತುಗಳು

ಮಣ್ಣು, ಸಗಣಿ, ಸಗಣಿಯ ಬೂದಿ, ಜೇಡನ ಬಲೆ, ಒಲೆಯ ಕರಿ, ಇವು ರೋಗಾಣುಗಳನ್ನೂ ಕಸವನ್ನೂ ಗಾಯದೊಳಗೆ ಬಿತ್ತುವುವು. ಸುಣ್ಣವೂ ಸೀಮೆಎಣ್ಣೆಯೂ ಹೊಸ ಮಾಂಸವನ್ನು ಸುಡುವುವು. ಹೊಗೆಸೊಪ್ಪಿನ ನಂಜು ಗಾಯದ ಮೂಲಕ ರಕ್ತಕ್ಕೆ ಏರುವುದು. ಕಾಫಿಯ ಪುಡಿಯು ಗಾಯಕ್ಕೆ ಅಂಟಿ, ಆಮೇಲೆ ವೈದ್ಯರು ತೊಳೆಯುವುದಕ್ಕೂ ನೋಡುವುದಕ್ಕೂ ಅಡ್ಡಿಯಾಗುವುದು. ರಕ್ತವು ನಿಂತಿತೆಂಬ ಸಮಾಧಾನವೊಂದೇ ಇವುಗಳಿಂದ ದೊರೆಯುವುದು. ಅದು ಕೈಯಿಂದ ಒತ್ತಿದರೂ ದೊರೆಯುವಂಥದೇ.

೬. ವೈದ್ಯರಲ್ಲಿಗೆ ಯಾವಾಗ

ಈ ಕೆಳಗಿನ ಸಂದರ್ಭಗಳಲ್ಲಿ ಮನೆಮದ್ದಿನ ಯೋಚನೆಯನ್ನೇ ಬಿಟ್ಟು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು.

(ಅ) ೧೦ ನಿಮಿಷ ಬಿಡದೆ ಒತ್ತಿದರೂ ರಕ್ತವು ನಿಲ್ಲದಿದ್ದಾಗ, ಅಥವಾ ಚಿಮ್ಮಿ ಹರಿಯುವಾಗ.
(ಆ) ಗಾಯವು ಆಳವಾಗಿ ಬಾಯಿ ಬಿಟ್ಟಿದ್ದಾಗ, ಬೆರಳು ಮರಗಟ್ಟಿದಾಗ ಅಥವಾ ಮಡಿಸಲಾಗದಿದ್ದಾಗ.
(ಇ) ಮುಳ್ಳು, ಮೊಳೆ, ತಂತಿ ಆಳಕ್ಕೆ ಹೊಕ್ಕಾಗ. ಗಾಯಕ್ಕೆ ಗೊಬ್ಬರ ಮಣ್ಣುಗಳು ಸೇರಿದಾಗ.
(ಈ) ಗಾಯಗೊಂಡವನಿಗೆ ಸಕ್ಕರೆ ಕಾಯಿಲೆಯಿದ್ದಾಗ.
(ಉ) ಗಾಯದ ಸುತ್ತ ಕೆಂಪು, ಬಿಸಿ, ಊತ, ಕೀವು, ಜ್ವರ ಇವುಗಳಲ್ಲಿ ಯಾವುದಾದರೂ ಕಾಣಿಸಿಕೊಂಡಾಗ.
(ಊ) ನಾಯಿ, ಬೆಕ್ಕು, ಕೋತಿ ಮುಂತಾದುವು ಕಚ್ಚಿದಾಗ. ಇದಕ್ಕೆ ಅರಿಸಿನ, ಮೆಣಸಿನಕಾಯಿ, ಸುಣ್ಣ ಯಾವುದನ್ನೂ ಹಚ್ಚದೆ, ೧೫ ನಿಮಿಷಗಳ ಕಾಲ ಸೋಪು ನೀರುಗಳಿಂದ ತೊಳೆದು, ಅಂದೇ ಹುಚ್ಚುನಾಯಿ ರೋಗದ ಲಸಿಕೆಯನ್ನು ಹಾಕಿಸಬೇಕು.

ಕೊಳೆ ಸೇರಿದ ಗಾಯವಾಗಿ, ಹಿಂದಿನ ಧನುರ್ವಾಯು ಲಸಿಕೆಯನ್ನು ಹಾಕಿಸಿಕೊಂಡು ೫ ವರ್ಷಗಳಿಗೆ ಮೇಲಾಗಿದ್ದರೆ ಪುನಃ ಹಾಕಿಸಬೇಕು. ಒಮ್ಮೆಯೂ ಹಾಕಿಸದವನಿಗೆ ವೈದ್ಯರು ಸಿದ್ಧ ಪ್ರತಿವಿಷವನ್ನೂ ಕೊಡಬೇಕಾಗಬಹುದು. ಹೀಗಿರುವುದರಿಂದ ಲಸಿಕೆಯ ದಿನಾಂಕವನ್ನು ಬರೆದಿಟ್ಟುಕೊಂಡಿರುವುದು ಬಹಳ ಪ್ರಯೋಜನಕರವು.

೭. ಊರ ಮುಖಂಡರು ಮಾಡತಕ್ಕುದು

ಮೊದಲನೆಯದಾಗಿ, ಕೊಯ್ಲು ನಡೆಯುವ ಪ್ರತಿಯೊಂದು ಹೊಲದಲ್ಲಿಯೂ ಮುಚ್ಚಳವುಳ್ಳ ಪಾತ್ರೆಯಲ್ಲಿ ಶುದ್ಧವಾದ ನೀರು, ಒಂದು ಸೋಪು, ಒಗೆದು ಬಿಸಿಲಿನಲ್ಲಿ ಒಣಗಿಸಿ ಚೀಲದಲ್ಲಿ ಕಟ್ಟಿಟ್ಟ ಬಟ್ಟೆಯ ಪಟ್ಟಿಗಳು, ಇವಿಷ್ಟು ಇರುವಂತೆ ಜಮೀನುದಾರರು ನೋಡಿಕೊಳ್ಳಬೇಕು. ಇದಕ್ಕೆ ಆಗುವ ವೆಚ್ಚವು ಒಂದು ದಿನದ ಕೂಲಿಗಿಂತಲೂ ಕಡಮೆ. ಎರಡನೆಯದಾಗಿ, ಸುಗ್ಗಿಗೆ ಮುಂಚೆ ಆರೋಗ್ಯ ಕಾರ್ಯಕರ್ತೆಯರೊಡನೆ ಮಾತನಾಡಿ, ಊರಿನ ದುಡಿಯುವ ಗಂಡಸರನ್ನೂ ಹೆಂಗಸರನ್ನೂ ಒಂದು ದಿನ ಸೇರಿಸಿ, ಲಸಿಕೆ ಹಾಕಿಸಿ, ಹೆಸರೂ ದಿನಾಂಕವೂ ಪುಸ್ತಕದಲ್ಲಿ ದಾಖಲಾಗುವಂತೆ ಮಾಡಬೇಕು. ಮೂರನೆಯದಾಗಿ, ಗಾಯಗೊಂಡ ಆಳನ್ನು ವೈದ್ಯರ ಬಳಿಗೆ ಕಳುಹಿಸುವಾಗ ಆ ದಿನದ ಕೂಲಿಯನ್ನು ಹಿಡಿಯಕೂಡದು. ಕೂಲಿ ಹೋಗುವುದೆಂಬ ಭಯದಿಂದ ಗಾಯವನ್ನು ಮುಚ್ಚಿಟ್ಟವನು ಮೂರನೆಯ ವಾರದಲ್ಲಿ ದವಡೆ ಕಚ್ಚಿ ಮಲಗಿದರೆ, ಆ ನಷ್ಟವನ್ನು ಯಾವ ಫಸಲೂ ತುಂಬಿಕೊಡಲಾರದು.

ನಮ್ಮ ಹಿರಿಯರು ಮೂಲಿಕೆಗಳ ಗುಣವನ್ನು ಕಂಡುಕೊಂಡುದು ಬಹುಕಾಲದ ಅನುಭವದಿಂದ. ಆ ಅನುಭವಕ್ಕೆ ಇಂದಿನ ತಿಳಿವಳಿಕೆಯನ್ನು ಸೇರಿಸಿಕೊಳ್ಳುವುದು ಅವರ ಮಾರ್ಗವನ್ನು ಬಿಟ್ಟಂತೆ ಆಗುವುದಿಲ್ಲ. ನೀರಿನಿಂದ ತೊಳೆದು, ಬಟ್ಟೆಯಿಂದ ಮುಚ್ಚಿ, ಲಸಿಕೆಯಿಂದ ಕಾದುಕೊಂಡ ಚಿಕ್ಕ ಗಾಯಕ್ಕೆ ಕೈತೋಟದ ಮೂಲಿಕೆಯು ಒಳ್ಳೆಯ ನೆಂಟನಾಗಬಲ್ಲುದು; ಇವು ಮೂರೂ ಇಲ್ಲದ ಗಾಯವನ್ನು ಅದೊಂದೇ ಕಾಯಲಾರದು.