ಮನೆಯ ಸುತ್ತಣ ವಿಷಸರ್ಪಗಳು

ಬೆಂಗಳೂರಿನಿಂದ ಪೂರ್ವಕ್ಕೆ ಕೃಷ್ಣರಾಜಪುರವನ್ನು ದಾಟಿ ಹೊಸಕೋಟೆಯ ಕಡೆಗೆ ಹೊರಟರೆ, ಹೊಸ ಕಟ್ಟಡಗಳ ಮಗ್ಗುಲಲ್ಲಿಯೇ ಕೆರೆ, ಹೊಲ, ಹುಲ್ಲಿನ ಬಣವೆಗಳು ಇಂದಿಗೂ ಕಾಣುವುವು. ಕಾಳಿರುವಲ್ಲಿ ಇಲಿ, ಇಲಿಯಿರುವಲ್ಲಿ ಹಾವು. 2000ದಿಂದ 2019ರವರೆಗಿನ ಸಾವುಗಳ ಅಧ್ಯಯನವೊಂದರ ಅಂದಾಜಿನಂತೆ, ನಮ್ಮ ದೇಶದಲ್ಲಿ ಹಾವಿನ ಕಡಿತದಿಂದ ವರ್ಷಕ್ಕೆ ಸರಾಸರಿ 58,000 ಜನರು ಮೃತರಾಗಿದ್ದಾರೆ. ರಕ್ಷಣೆಯ ನಿಯಮಗಳನ್ನು ಕಂಠಪಾಠ ಮಾಡಿದರೆ ಸಾಲದು. ಕಾರಣವನ್ನೂ ಅರಿತಿದ್ದರೆ ಅವು ಗಾಬರಿಯ ಗಳಿಗೆಯಲ್ಲಿ ಮರೆತುಹೋಗಲಾರವು.

ಸಾವಿಗೆ ಬಹುಮಟ್ಟಿಗೆ ಕಾರಣವಾದ ಹಾವುಗಳು ನಾಲ್ಕು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಮೊದಲೆರಡರ ವಿಷವು ನರದಿಂದ ಸ್ನಾಯುವಿಗೆ ಹೋಗುವ ಪ್ರೇರಣೆಯನ್ನು ತಡೆಯುವುದು. ರೆಪ್ಪೆಗಳು ಜೋಲುವುವು, ಕೊನೆಗೆ ಉಸಿರಾಟವೇ ನಿಲ್ಲಬಹುದು. ಮಂಡಲಗಳ ವಿಷವು ರಕ್ತದ ಹೆಪ್ಪುಗಟ್ಟುವ ಗುಣವನ್ನು ಕೆಡಿಸುವುದು. ವೈದ್ಯರು ಇದನ್ನು ಒಂದು ಸರಳ ಪ್ರಯೋಗದಿಂದ ಅರಿಯುವರು: ರೋಗಿಯ ರಕ್ತವನ್ನು ಶುಭ್ರವಾದ ಒಣ ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು, ಅನಂತರ ವಾಲಿಸಿ ನೋಡುವರು. ಅದು ಇನ್ನೂ ನೀರಿನಂತೆ ಹರಿದರೆ ವಿಷವು ಕೆಲಸ ಮಾಡುತ್ತಿದೆಯೆಂದು ತಿಳಿಯುವುದು.

ಕಟ್ಟುಹಾವು ರಾತ್ರಿ ಸಂಚರಿಸುವಂಥದು. ಅದರ ಕಡಿತದಲ್ಲಿ ನೋವೂ ಊತವೂ ಅತ್ಯಲ್ಪ. ನೆಲದ ಮೇಲೆ ಮಲಗಿದವರಿಗೆ ಕಡಿದುದೇ ತಿಳಿಯದಿರಬಹುದು. ಆದುದರಿಂದ ಮಂಚದ ಮೇಲೆ, ಅಂಚನ್ನು ಹಾಸಿಗೆಯಡಿಗೆ ಸಿಕ್ಕಿಸಿದ ಸೊಳ್ಳೆಪರದೆಯೊಳಗೆ ಮಲಗುವುದು ಲೇಸು.

ಹಾವಿಗೆ ಹೊರಕಿವಿಯಿಲ್ಲ. ಆದರೆ ನೆಲದ ಕಂಪನವು ಅದರ ಕೆಳದವಡೆಯ ಮೂಲಕ ಒಳಕಿವಿಯನ್ನು ಮುಟ್ಟುವುದು. ಕತ್ತಲೆಯಲ್ಲಿ ಹೆಜ್ಜೆಯನ್ನು ಬಲವಾಗಿ ಊರುತ್ತ ನಡೆದರೆ ಅದಕ್ಕೆ ಸರಿದುಹೋಗಲು ಸೂಚನೆ ದೊರೆಯುವುದು. ಆದರೆ ಕೊಳಕುಮಂಡಲವು ಸುಲಭವಾಗಿ ಕದಲುವುದಿಲ್ಲ. ಕೈಯಲ್ಲಿ ದೀಪವೂ ಇರಬೇಕು.

ಸೌದೆ, ಇಟ್ಟಿಗೆಯ ರಾಶಿಗಳನ್ನು ಮನೆಯಿಂದ ದೂರವಿಡಿರಿ, ಕಾಳನ್ನು ಮುಚ್ಚಿಡಿರಿ, ಬಾಗಿಲಡಿಯ ಸಂದನ್ನು ಮುಚ್ಚಿರಿ. ಇಲಿಗಳನ್ನು ತಿನ್ನುವ ಕೇರೆಹಾವಿಗೆ ವಿಷವಿಲ್ಲ. ನಾಗರವೆಂದು ಭ್ರಮಿಸಿ ಅದನ್ನು ಕೊಲ್ಲುವುದು ನಮಗೇ ನಷ್ಟ. ವಿಷದ ಹಾವೇ ಕಂಡರೂ ಹೊಡೆಯಲು ಹೋದವನು ಅದರ ಎಟುಕಿಗೆ ತಾನಾಗಿ ಸಿಕ್ಕುವನು. ದೂರದಿಂದ ಅದರ ಮೇಲೆ ಕಣ್ಣಿಟ್ಟು, ಅರಣ್ಯ ಇಲಾಖೆಗೋ ತರಬೇತಿ ಪಡೆದ ಹಾವು ಹಿಡಿಯುವವರಿಗೋ ತಿಳಿಸತಕ್ಕದ್ದು.

ಕಡಿತವಾದರೆ ಮಾಡಬೇಕಾದುದೇನು? ವಿಷವು ಬಹುಮಟ್ಟಿಗೆ ದುಗ್ಧರಸದ ನಾಳಗಳ ಮೂಲಕ ಹರಡುವುದು. ಆ ರಸವನ್ನು ಮುಂದಕ್ಕೆ ತಳ್ಳಲು ಹೃದಯದಂಥ ಯಂತ್ರವಿಲ್ಲ. ಸ್ನಾಯುಗಳ ಚಲನೆಯೇ ಮುಖ್ಯವಾಗಿ ಆ ಕೆಲಸವನ್ನು ಮಾಡುವುದು. ಆದುದರಿಂದ ರೋಗಿಯು ಓಡಬಾರದು, ನಡೆಯಲೂ ಬಾರದು. ಮುರಿದ ಮೂಳೆಗೆ ಮಾಡುವಂತೆ ದಬ್ಬೆಯಿಟ್ಟು ಅಂಗವನ್ನು ನಿಶ್ಚಲವಾಗಿರಿಸಬೇಕು. ಉಂಗುರ, ಬಳೆಗಳನ್ನು ತೆಗೆಯಬೇಕು. ಊತವೇರಿದರೆ ಅವು ಬಿಗಿಯುವುವು. ಹಗ್ಗವನ್ನು ಬಿಗಿದರೆ ರಕ್ತಸಂಚಾರ ನಿಂತು ಅಂಗವೇ ಕೊಳೆಯಬಹುದು. ಗಾಯವನ್ನು ಕೊಯ್ಯುವುದು, ಹೀರುವುದು, ಮಂತ್ರಕ್ಕಾಗಿ ಕಾಯುವುದು ಇವೆಲ್ಲ ಅಪಾಯಕರ.

108ಕ್ಕೆ ಕರೆಮಾಡಿ ಕೂಡಲೆ ಆಸ್ಪತ್ರೆಗೆ ಒಯ್ಯತಕ್ಕದ್ದು. ಕುದುರೆಗಳಿಗೆ ಅಲ್ಪ ಪ್ರಮಾಣದಲ್ಲಿ ವಿಷವನ್ನು ಚುಚ್ಚಿ, ಅವುಗಳ ರಕ್ತದಲ್ಲಿ ಹುಟ್ಟಿದ ಪ್ರತಿವಸ್ತುವಿನಿಂದ ತಯಾರಿಸಿದ ಪ್ರತಿವಿಷವೇ ಇದಕ್ಕೆ ಮದ್ದು. ನಮ್ಮಲ್ಲಿ ಬಳಸುವ ಪ್ರತಿವಿಷವು ಮೇಲೆ ಹೇಳಿದ ನಾಲ್ಕು ಹಾವುಗಳಿಗೂ ಸಲ್ಲುವಂಥದು. ಆದುದರಿಂದ ಹಾವನ್ನು ಹಿಡಿದು ತರುವ ಸಾಹಸವು ಬೇಡ. 2024ರಲ್ಲಿ ಕರ್ನಾಟಕ ಸರ್ಕಾರವು ಹಾವಿನ ಕಡಿತಗಳನ್ನು ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ವಿಧಿಸಿತು.

ವಿದ್ಯಾರ್ಥಿಗಳು ಈ ಪಾಠವನ್ನು ಪುಸ್ತಕದಲ್ಲಿಯೇ ಬಿಡದೆ, ಇಂದು ಹಗಲಿನಲ್ಲಿಯೇ ಮನೆಯ ಸುತ್ತ ಒಮ್ಮೆ ತಿರುಗಿ, ಹಾವಿಗೆ ಆಶ್ರಯವಾಗಬಲ್ಲ ಸ್ಥಳಗಳನ್ನು ಪಟ್ಟಿಮಾಡಲಿ. ಪ್ರತಿವಿಷವಿರುವ ಸಮೀಪದ ಆಸ್ಪತ್ರೆ ಯಾವುದೆಂದು ವಿಚಾರಿಸಿ, ಅದರ ಹೆಸರನ್ನು ಮನೆಯವರೆಲ್ಲರಿಗೂ ತಿಳಿಸಲಿ.