ಪರಿಸರ ಮುದ್ರೆಯೂ ಗ್ರಾಹಕನ ಆಯ್ಕೆಯೂ

ವಸ್ತುವಿನ ಗುಣವನ್ನು ಕಣ್ಣಿನಿಂದ ಅರಿಯಲಾಗದ ಕಡೆ ಅದನ್ನು ಸೂಚಿಸಲು ಮುದ್ರೆಯೊಂದು ಬೇಕಾಗುತ್ತದೆ. ಚಿನ್ನದ ಅಪ್ಪಟತನವನ್ನು ಒರೆಗಲ್ಲು ಹೇಳೀತು. ಅಕ್ಕಿಯ ಹಳತು ಹೊಸತನ್ನು ಅನುಭವಸ್ಥ ಗೃಹಿಣಿಯ ಬೆರಳು ಹೇಳೀತು. ಆದರೆ ಸಾಬೂನೊಂದು ಬಚ್ಚಲಿನಿಂದ ಹರಿದು ಹೋಗಿ ಕೆರೆಯ ನೀರನ್ನು ಎಷ್ಟು ಕೆಡಿಸುವುದೆಂಬುದನ್ನು ಅಂಗಡಿಯಲ್ಲಿ ನಿಂತವನು ಯಾವ ಇಂದ್ರಿಯದಿಂದ ತಿಳಿಯಬೇಕು? ಈ ಕೊರತೆಯನ್ನು ತುಂಬಲು ಹುಟ್ಟಿದುದೇ ಪರಿಸರ ಮುದ್ರೆ. ಪಶ್ಚಿಮ ಜರ್ಮನಿಯು 1978ರಲ್ಲಿ ‘ನೀಲಿ ದೇವದೂತ’ನ ಮುದ್ರೆಯನ್ನೂ, ನಾರ್ಡಿಕ್ ರಾಷ್ಟ್ರಗಳು 1989ರಲ್ಲಿ ಹಂಸದ ಮುದ್ರೆಯನ್ನೂ ಜಾರಿಗೆ ತಂದವು. ಭಾರತ ಸರ್ಕಾರವು 1991ರಲ್ಲಿ ‘ಇಕೋಮಾರ್ಕ್’ ಯೋಜನೆಯನ್ನು ಆರಂಭಿಸಿ, ಮಣ್ಣಿನ ಮಡಕೆಯನ್ನು ಲಾಂಛನವಾಗಿ ಆರಿಸಿತು. ಮಣ್ಣಿನಿಂದ ಹುಟ್ಟಿ ಮಣ್ಣಿಗೇ ಸೇರುವ ಮಡಕೆಗಿಂತ ಉಚಿತವಾದ ಪ್ರತೀಕ ದೊರಕುವುದು ದುರ್ಲಭ.

ಇಂತಹ ಮುದ್ರೆಯನ್ನು ನೋಡಿ ಜನರು ನಿಜವಾಗಿ ಕೊಳ್ಳುತ್ತಾರೆಯೇ ಎಂಬುದು ಇಲ್ಲಿನ ಪ್ರಶ್ನೆ. ಇಲ್ಲವೆಂಬುದೇ ಪೂರ್ವಪಕ್ಷ. ಇದಕ್ಕೆ ಆಧಾರವೂ ಉಂಟು. 2019ರಲ್ಲಿ ‘ಹಾರ್ವರ್ಡ್ ಬಿಸಿನೆಸ್ ರಿವ್ಯೂ’ ಪತ್ರಿಕೆಯ ಲೇಖನವೊಂದು ಉದಾಹರಿಸಿದ ಸಮೀಕ್ಷೆಯಲ್ಲಿ, ಪರಿಸರದ ಹಿತ ನೋಡುವಂತಹ ಸರಕನ್ನೇ ಕೊಳ್ಳಬಯಸುವುದಾಗಿ ಹೇಳಿದವರು ಶೇಕಡಾ 65. ಹಾಗೆ ಕೊಂಡವರು ಸುಮಾರು ಶೇಕಡಾ 26. ನುಡಿಗೂ ನಡೆಗೂ ನಡುವಿನ ಈ ಅಂತರ ಹೊಸದೇನಲ್ಲ. ಪ್ರಶ್ನೆ ಕೇಳಿದಾಗ ಮನುಷ್ಯನು ತನ್ನ ಆದರ್ಶವನ್ನು ಹೇಳುತ್ತಾನೆ. ಹಣ ಕೊಡುವಾಗ ತನ್ನ ಸಂಬಳವನ್ನು ನೆನೆಯುತ್ತಾನೆ.

ಆದರೆ ಪೂರ್ವಪಕ್ಷವು ಸಂಪೂರ್ಣ ಸತ್ಯವಲ್ಲ. ಡೆನ್ಮಾರ್ಕಿನ ಕುಟುಂಬಗಳು ವಾಸ್ತವವಾಗಿ ಕೊಂಡ ಸರಕುಗಳ ಲೆಕ್ಕವನ್ನು ಪರಿಶೀಲಿಸಿ 2004ರಲ್ಲಿ ಪ್ರಕಟವಾದ ಅಧ್ಯಯನವೊಂದು, ಹಂಸಮುದ್ರೆಯಿದ್ದ ಶೌಚ ಕಾಗದಕ್ಕೆ ಜನರು ಶೇಕಡಾ 13ರಿಂದ 18ರಷ್ಟು ಹೆಚ್ಚು ಬೆಲೆ ತೆರಲು ಸಿದ್ಧರಿದ್ದರೆಂದು ತೋರಿಸಿತು. ಅಮೆರಿಕದಲ್ಲಿ ಟ್ಯೂನಾ ಮೀನಿನ ಬಲೆಗಳಲ್ಲಿ ಡಾಲ್ಫಿನ್ನುಗಳು ಸಿಕ್ಕಿ ಸಾಯುತ್ತಿದ್ದ ಸಂಗತಿ ದೂರದರ್ಶನದ ಮೂಲಕ ಮನೆಮನೆಗೂ ತಲಪಿದ ಮೇಲೆ, 1990ರಲ್ಲಿ ‘ಡಾಲ್ಫಿನ್ ಸುರಕ್ಷಿತ’ ಎಂಬ ಮುದ್ರೆಗೆ ಕಾನೂನಿನ ರೂಪ ದೊರೆಯಿತು. ಆ ಮುದ್ರೆಯಿಂದ ಟ್ಯೂನಾ ಡಬ್ಬಿಗಳ ಮಾರಾಟದ ಪಾಲು ಹೆಚ್ಚಿತೆಂದು 2002ರ ಅಧ್ಯಯನವೊಂದು ಕಂಡುಕೊಂಡಿತು. ಇಲ್ಲಿ ಗಮನಾರ್ಹವಾದುದು ಇಷ್ಟು: ಮುದ್ರೆ ಬರುವ ಮುನ್ನವೇ ಅದರ ಅರ್ಥ ಜನರ ಮನಸ್ಸಿನಲ್ಲಿತ್ತು.

ನಮ್ಮ ದೇಶದ ಮಡಕೆಯ ಮುದ್ರೆಗೆ ಆ ಭಾಗ್ಯ ಬರಲಿಲ್ಲ. ಸಾಬೂನು, ಕಾಗದ, ಬಣ್ಣ, ಬಟ್ಟೆ ಮೊದಲಾದ ಹಲವು ವರ್ಗಗಳಿಗೆ ನಿಯಮಗಳು ಸಿದ್ಧವಾದರೂ ಅನುಮತಿ ಕೇಳಿ ಬಂದ ಉತ್ಪಾದಕರು ಅತ್ಯಲ್ಪ. ಪರಿಸರದ ನಿಯಮಗಳ ಜೊತೆಗೆ ಭಾರತೀಯ ಮಾನಕ ಸಂಸ್ಥೆಯ ಗುಣಮಟ್ಟದ ನಿಯಮಗಳನ್ನೂ ಪಾಲಿಸಬೇಕಾಗಿತ್ತು, ಪರೀಕ್ಷೆಗೆ ಖರ್ಚಿತ್ತು, ಅದರಿಂದ ಮಾರಾಟ ಹೆಚ್ಚುವ ಭರವಸೆ ಇರಲಿಲ್ಲ. ತರ್ಕಶಾಸ್ತ್ರವು ‘ಅನ್ಯೋನ್ಯಾಶ್ರಯ’ವೆಂದು ಕರೆಯುವ ದೋಷ ಇದೇ. ಗ್ರಾಹಕನು ಕಾಣದುದರಿಂದ ಕೇಳಲಿಲ್ಲ. ಅವನು ಕೇಳದುದರಿಂದ ಉತ್ಪಾದಕನು ತೋರಿಸಲಿಲ್ಲ. ಇದರಲ್ಲಿ ನಿಜವಾಗಿ ನಷ್ಟಕ್ಕೆ ಗುರಿಯಾಗುವವನು, ಹೆಚ್ಚು ವೆಚ್ಚ ಮಾಡಿ ಹೊಲಸು ನೀರನ್ನು ಶುದ್ಧಿಗೊಳಿಸಿ ಹೊರಬಿಡುವ ಪ್ರಾಮಾಣಿಕ ಉತ್ಪಾದಕ. ಅವನ ಸರಕೂ, ನೀರನ್ನು ಕೆಡಿಸುವವನ ಸರಕೂ ಅಂಗಡಿಯಲ್ಲಿ ಒಂದೇ ಆಗಿ ಕಾಣುತ್ತವೆ.

ಇದಕ್ಕೆ ವ್ಯತಿರಿಕ್ತವಾದುದು ವಿದ್ಯುತ್ ಉಪಕರಣಗಳ ನಕ್ಷತ್ರ ಮುದ್ರೆ. 2006ರಲ್ಲಿ ಇಂಧನ ದಕ್ಷತಾ ಬ್ಯೂರೋ ಆರಂಭಿಸಿದ ಈ ಯೋಜನೆಯು 2010ರಲ್ಲಿ ಕೆಲವು ಬಗೆಯ ರೆಫ್ರಿಜರೇಟರುಗಳಿಗೂ ಕೋಣೆಯ ಹವಾನಿಯಂತ್ರಕಗಳಿಗೂ ಕಡ್ಡಾಯವಾಯಿತು. ಕಡ್ಡಾಯವಾದುದರಿಂದ ಹೋಲಿಕೆ ಸಾಧ್ಯವಾಯಿತು. ವರ್ಷಕ್ಕೆ ಎಷ್ಟು ಯೂನಿಟ್ ಖರ್ಚಾಗುವುದೆಂದು ಬರೆದುದರಿಂದ ಪರಿಸರದ ಹಿತವು ಕರೆಂಟ್ ಬಿಲ್ಲಿನ ಭಾಷೆಯಲ್ಲಿ ತಿಳಿಯಿತು. ಇಂದು ಅಕ್ಷರ ಬಾರದವನೂ ಅಂಗಡಿಯಲ್ಲಿ ‘ಎಷ್ಟು ಸ್ಟಾರ್?’ ಎಂದು ಕೇಳಬಲ್ಲ. ಆದರೂ ಐದು ನಕ್ಷತ್ರಗಳ ಯಂತ್ರದ ಬೆಲೆ ಕಂಡು ಮೂರು ನಕ್ಷತ್ರಗಳದಕ್ಕೆ ತೃಪ್ತರಾಗುವವರು ಅನೇಕರು. ಮುದ್ರೆಯು ದಾರಿ ತೋರಿಸೀತೇ ಹೊರತು ಕಿಸೆಯನ್ನು ತುಂಬಲಾರದು.

ಆದುದರಿಂದ ಸಿದ್ಧಾಂತವಿದು: ಮುದ್ರೆಯು ತಾನಾಗಿಯೇ ಕೊಳ್ಳುವವನ ಕೈಯನ್ನು ತಿರುಗಿಸದು. ಅದರ ಅರ್ಥ ಮೊದಲೇ ತಿಳಿದಿರಬೇಕು, ಅದು ಎಲ್ಲೆಡೆ ಕಾಣಬೇಕು, ಬೆಲೆಯ ಅಂತರ ಸಹ್ಯವಾಗಿರಬೇಕು; ಎಲ್ಲಕ್ಕಿಂತ ಮಿಗಿಲಾಗಿ ಅದು ನಂಬಿಕೆಗೆ ಅರ್ಹವಾಗಿರಬೇಕು. ಹಸಿರು ಎಲೆಯೊಂದನ್ನು ಅಚ್ಚು ಹಾಕಿ ‘ಪರಿಸರಸ್ನೇಹಿ’ ಎಂದು ಬರೆದುಕೊಳ್ಳುವುದು ಸುಲಭ. ಇಂತಹ ಹುಸಿ ಘೋಷಣೆಗಳನ್ನು ತಡೆಯಲು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ರ ಅಕ್ಟೋಬರಿನಲ್ಲಿ ಮಾರ್ಗಸೂಚಿಗಳನ್ನು ಹೊರಡಿಸಿತು. ಅದಕ್ಕೆ ತುಸು ಮೊದಲು, ಸೆಪ್ಟೆಂಬರಿನಲ್ಲಿ, 1991ರ ಯೋಜನೆಯ ಸ್ಥಾನದಲ್ಲಿ ಇಕೋಮಾರ್ಕಿನ ಹೊಸ ನಿಯಮಗಳೂ ಬಂದವು.

ನಿಯಮ ಬಂದ ಮಾತ್ರಕ್ಕೆ ಅನ್ಯೋನ್ಯಾಶ್ರಯ ದೋಷ ಕಳೆಯದು. ಆ ಸರಪಳಿಯನ್ನು ಯಾರಾದರೂ ಒಂದು ಕಡೆ ಕತ್ತರಿಸಬೇಕು. ಒಬ್ಬ ಗೃಹಸ್ಥನ ಒಂದು ಸಾಬೂನಿನ ಬಿಲ್ಲೆಗೆ ಆ ಶಕ್ತಿಯಿಲ್ಲ. ಆದರೆ ವರ್ಷವರ್ಷವೂ ರೀಮುಗಟ್ಟಲೆ ಕಾಗದ, ಗೋಡೆಗಳಿಗೆ ಬಣ್ಣ, ವಿದ್ಯಾರ್ಥಿನಿಲಯಕ್ಕೆ ಸಾಬೂನು, ದೀಪ, ಫ್ಯಾನುಗಳನ್ನು ಕೊಳ್ಳುವ ವಿದ್ಯಾಸಂಸ್ಥೆಗೆ ಅದು ಉಂಟು. ಸಂಸ್ಥೆಯು ಕೇಳಿದರೆ ವರ್ತಕನು ತರಿಸಿಕೊಟ್ಟಾನು. ಕಟ್ಟಡಕ್ಕೆ ದಾನ ನೀಡುವವರು ಅಲ್ಲಿನ ದೀಪ, ಫ್ಯಾನುಗಳ ನಕ್ಷತ್ರಗಳನ್ನೂ ವಿಚಾರಿಸಿದರೆ ಆ ದಾನವು ತಿಂಗಳ ಬಿಲ್ಲಿನ ಉಳಿತಾಯವಾಗಿಯೂ ಫಲಿಸೀತು. ಅಧ್ಯಾಪಕರು ತರಗತಿಯಲ್ಲಿ ಒಂದು ಪೊಟ್ಟಣವನ್ನು ಹಿಡಿದು, ಇದರ ಮೇಲಿನ ಯಾವ ಮುದ್ರೆ ಪರೀಕ್ಷೆಯಿಂದ ಬಂದುದು, ಯಾವುದು ಬರಿಯ ಚಿತ್ರ ಎಂದು ಮಕ್ಕಳಿಂದ ವಿಂಗಡಿಸಿಸಿದರೆ ಅದು ಪಠ್ಯಪುಸ್ತಕಕ್ಕೆ ಕಡಮೆಯಲ್ಲದ ಪಾಠ. ಅಕ್ಷರವನ್ನು ಓದಿಸುವುದು ಶಾಲೆಯ ಮೊದಲ ಕೆಲಸ; ಮುದ್ರೆಯನ್ನು ಓದಿಸುವುದೂ ಇನ್ನು ಮುಂದೆ ಅದರದೇ ಕೆಲಸ.