ಕೀಬೋರ್ಡ್ ಇರುವುದು ಬೇರೆ ಮನೆಯಲ್ಲಿ

ಪುಟ್ಟಿ,

ಎರಡು ಗಂಟೆ ಕಾದು ಕಟ್ಟಿದ ನಿನ್ನ ಮೊದಲ ಲಿನಕ್ಸ್ ಕರ್ನಲ್ ಎದ್ದು ಲಾಗಿನ್ ಕೇಳಿತು, ಕೀಬೋರ್ಡ್ ಮಾತ್ರ ಮಿಸುಕಲಿಲ್ಲ ಅಂದೆಯಲ್ಲ, ರಾತ್ರಿಯೆಲ್ಲ ನನಗೆ ಅದೇ ಯೋಚನೆ. ಬೇಜಾರು ಮಾಡಿಕೊಳ್ಳಬೇಡ. "ಗ್ರಬ್‌ನಲ್ಲಿ ಬಾಣದ ಗುಂಡಿ ಚೆನ್ನಾಗಿಯೇ ಓಡುತ್ತಿತ್ತಲ್ಲ ಚಿಕ್ಕಪ್ಪಾ" ಅಂತ ಕೇಳಿದೆ ನೋಡು, ಹಿಡಿಯಬೇಕಾದ ಎಳೆಯನ್ನೇ ಹಿಡಿದಿದ್ದೀಯ.

ಗ್ರಬ್ ಎಂಬ ಬೂಟ್ ಮೆನು ಇರುವ ತನಕ ಕೀಬೋರ್ಡನ್ನು ನೋಡಿಕೊಳ್ಳುವುದು ಮದರ್‌ಬೋರ್ಡಿನ ಫರ್ಮ್‌ವೇರ್. ಕರ್ನಲ್ ಎದ್ದ ಮೇಲೆ ಆ ಹೊಣೆಯೆಲ್ಲ ಕರ್ನಲ್ಲಿನದು. ಕರ್ನಲ್ ಕಟ್ಟುವ ಮೊದಲು ಆಯ್ಕೆಗಳ ಮೆನುವಿನಲ್ಲಿ ನೀನು 'ಡಿವೈಸ್ ಡ್ರೈವರ್ಸ್' ಒಳಗೆ ಹೋಗಿ, 'ಯುಎಸ್‌ಬಿ ಸಪೋರ್ಟ್' ತೆರೆದು, ಬೇಕೆನಿಸಿದ್ದಕ್ಕೆಲ್ಲ ನಕ್ಷತ್ರ ಹಾಕಿದೆ. ಅಲ್ಲಿ ಕೀಬೋರ್ಡಿನ ಹೆಸರೇ ಇಲ್ಲ. ಅದು ಇರುವುದು ಎಚ್‌ಐಡಿ ಎಂಬ ಬೇರೆ ಮೆನುವಿನಲ್ಲಿ, ಮೌಸಿನ ಜೊತೆ. ಬೇಡದ್ದನ್ನೆಲ್ಲ ತೆಗೆಯುವ ಹುರುಪಿನಲ್ಲಿ ಆ ಮೆನುವನ್ನೂ ತೆಗೆದಿರಬೇಕು ನೀನು. ನಿನ್ನ ಕೈಕೆಳಗಿದ್ದ ಕೀಬೋರ್ಡೇ ಹೋಯಿತು.

ಯುಎಸ್‌ಬಿ ಎಂದರೆ ಒಂದು ಸ್ವಿಚ್ಚು ಅಂದುಕೊಂಡರೆ ಹೀಗೇ ಆಗುತ್ತದೆ. ಅದೊಂದು ಸರಪಳಿ. ಮೊದಲ ಕೊಂಡಿ ಹೋಸ್ಟ್ ಕಂಟ್ರೋಲರ್. 1996ರ ಮೊದಲ ಯುಎಸ್‌ಬಿ ಕಾಲದಲ್ಲಿ ಇದರಲ್ಲಿ ಎರಡು ಬಗೆ: ಇಂಟೆಲ್, ವಯಾ ಕಂಪನಿಗಳ ಚಿಪ್ಪುಗಳಲ್ಲಿ ಯುಎಚ್‌ಸಿಐ, ಉಳಿದ ಹೆಚ್ಚಿನವರಲ್ಲಿ ಒಎಚ್‌ಸಿಐ. 2000ದಲ್ಲಿ ಯುಎಸ್‌ಬಿ 2.0 ಬಂದು ವೇಗ 12 ಮೆಗಾಬಿಟ್‌ನಿಂದ 480ಕ್ಕೆ ಏರಿದಾಗ ಇಎಚ್‌ಸಿಐ ಬಂತು. 3.0ಕ್ಕೆ ಎಕ್ಸ್‌ಎಚ್‌ಸಿಐ. ಈ ಕೊನೆಯದು ಹಳೆಯ ವೇಗಗಳನ್ನೂ ತಾನೇ ನಿಭಾಯಿಸುತ್ತದೆ, ಹಾಗಾಗಿ ನಿನ್ನ ಹೊಸ ಲ್ಯಾಪ್‌ಟಾಪಿಗೆ ಬಹುಶಃ ಅದೊಂದೇ ಸಾಕು. ಅಜ್ಜನ ಮನೆಯ ಹಳೇ ಡೆಸ್ಕ್‌ಟಾಪಿಗೆ ಸಾಲದು. ಊಹೆ ಮಾಡಬೇಡ, 'ಎಲ್‌ಎಸ್‌ಪಿಸಿಐ' ಆಜ್ಞೆಗೆ 'ಹೈಫನ್ ಕೆ' ಸೇರಿಸಿ ಕೇಳು. ಯಾವ ಕಂಟ್ರೋಲರ್, ಅದನ್ನು ಯಾವ ಡ್ರೈವರ್ ನಡೆಸುತ್ತಿದೆ ಎರಡನ್ನೂ ಹೇಳುತ್ತದೆ.

ಕಂಟ್ರೋಲರ್ ಸಿಕ್ಕಿತು ಅನ್ನು. ಪೆನ್‌ಡ್ರೈವ್ ಚುಚ್ಚಿದರೆ 'ಎಲ್‌ಎಸ್‌ಯುಎಸ್‌ಬಿ' ಪಟ್ಟಿಯಲ್ಲಿ ಹೆಸರೂ ಬರುತ್ತದೆ, ಆದರೆ ಡಿಸ್ಕ್ ಮಾತ್ರ ಕಾಣುವುದಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬಾರದ ಹಾಗೆ. ಯಾಕೆಂದರೆ ಮಾಸ್ ಸ್ಟೋರೇಜ್ ಡ್ರೈವರ್ ನಿಂತಿರುವುದು ಸ್ಕಸಿ ಎಂಬ ಹಳೆಯ ಡಿಸ್ಕ್ ವ್ಯವಸ್ಥೆಯ ಮೇಲೆ. ಜೊತೆಗೆ ಸ್ಕಸಿ ಡಿಸ್ಕ್ ಸಪೋರ್ಟ್ ಕೂಡ ಬೇಕು. ನಿನ್ನ ಯಂತ್ರದಲ್ಲಿ ಸ್ಕಸಿ ಎಂಬ ವಸ್ತುವೇ ಇಲ್ಲದಿರಬಹುದು, ಆದರೂ ಬೇಕು. ಮೆನುವಿನಲ್ಲೇ ಈ ಎಚ್ಚರಿಕೆಯನ್ನು ಬರೆದಿಟ್ಟಿದ್ದಾರೆ, ನಾವು ಓದದೆ ದಾಟಿಬಿಡುತ್ತೇವೆ. ಆಮೇಲೂ ಫ್ಯಾಟ್‌ನಂಥ ಫೈಲ್ ಸಿಸ್ಟಮ್ ಬೇರೆ ಮೆನು, ಫ್ಯಾಟ್‌ಗೆ ಬೇಕಾದ ಕೋಡ್‌ಪೇಜ್ 437 ಮತ್ತೊಂದು ಮೆನು. ಅದಿಲ್ಲದಿದ್ದರೆ ಫ್ಯಾಟ್ ಪೆನ್‌ಡ್ರೈವ್ ಮೌಂಟ್ ಆಗುವುದಿಲ್ಲ. 64 ಜಿಬಿ ಕಾರ್ಡಾದರೆ ಎಕ್ಸ್‌ಫ್ಯಾಟ್ ಬೇಕು, 2019ರ 5.4ನೇ ಆವೃತ್ತಿಯಿಂದ ಅದು ಕರ್ನಲ್ಲಿನಲ್ಲೇ ಇದೆ.

ಇಲ್ಲಿ ನಮಗೆ ಮುಖ್ಯವಾದ ಒಂದು ಮಾತಿದೆ. ಅಜ್ಜಿಯ ಹಾಡುಗಳನ್ನು ರೆಕಾರ್ಡ್ ಮಾಡಿ ಕನ್ನಡದಲ್ಲೇ ಹೆಸರಿಟ್ಟಿದ್ದೀಯಲ್ಲ, ಆ ಫೈಲುಗಳನ್ನು ಫ್ಯಾಟ್ ಪೆನ್‌ಡ್ರೈವಿನಿಂದ ನೀನೇ ಆಜ್ಞೆ ಕೊಟ್ಟು ಮೌಂಟ್ ಮಾಡಿದರೆ ಹೆಸರಿನ ಜಾಗದಲ್ಲಿ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆಗಳು ಬರಬಹುದು. ಫ್ಯಾಟ್ ಮೆನುವಿನ ಒಳಗೆ ಯುಟಿಎಫ್-8 ಅನ್ನು ರೂಢಿಯಾಗಿಸುವ ಆಯ್ಕೆಯಿದೆ. ಅದಕ್ಕೆ ತಪ್ಪದೆ 'ವೈ' ಒತ್ತು.

ಹೆಸರು ನೋಡಿ ನಿರ್ಧಾರ ಮಾಡಬೇಡ. 'ಯುಎಸ್‌ಬಿ ಮೋಡೆಮ್' ಕಂಡರೆ, ಈ ಕಾಲದಲ್ಲಿ ಮೋಡೆಮ್ ಯಾಕೆ ಅಂತ 'ಎನ್' ಒತ್ತುತ್ತೀಯ. ಆದರೆ ಅಸಲಿ ಆರ್ಡುಯಿನೊ ಊನೊ ಬೋರ್ಡು ಮಾತಾಡುವುದೇ ಆ ಡ್ರೈವರಿನ ಮೂಲಕ. ನೀನು ಅಗ್ಗಕ್ಕೆ ತಂದ ಬೋರ್ಡಿನಲ್ಲಿ ಸಿಎಚ್340 ಚಿಪ್ ಇದ್ದರೆ ಅದಕ್ಕೆ ಸೀರಿಯಲ್ ಕನ್ವರ್ಟರ್ ಪಟ್ಟಿಯ ಸಿಎಚ್341 ಬೇಕು. ಫೋನಿನ ಇಂಟರ್‌ನೆಟ್ಟನ್ನು ಕೇಬಲ್ಲಿನಲ್ಲಿ ಪಡೆಯುವ ಆರ್‌ಎನ್‌ಡಿಐಎಸ್ ಡ್ರೈವರ್ ನೆಟ್‌ವರ್ಕ್ ವಿಭಾಗದಲ್ಲಿದೆ. ಮೆನುವಿನಲ್ಲಿ ಓರೆಗೆರೆಯ ಗುಂಡಿ ಒತ್ತಿ ಹುಡುಕು, ಯಾವುದು ಯಾವುದನ್ನು ನಂಬಿಕೊಂಡಿದೆ ಎಂಬುದನ್ನೂ ಅದು ತೋರಿಸುತ್ತದೆ. ಎಷ್ಟೋ ಸಲ ಆ ಒಂದು ಪುಟ ನನ್ನ ದಿನ ಉಳಿಸಿದೆ.

'ಲೋಕಲ್‌ಮಾಡ್‌ಕಾನ್ಫಿಗ್' ಬಳಸುತ್ತೇನೆ ಅಂದೆ. ಒಳ್ಳೆಯದೇ, ಆದರೆ ಅದು ಈ ಗಳಿಗೆಯಲ್ಲಿ ಲೋಡ್ ಆಗಿರುವ ಮಾಡ್ಯೂಲುಗಳನ್ನಷ್ಟೇ, ಅಂದರೆ ಬೇಕಾದಾಗ ಡಿಸ್ಕಿನಿಂದ ಬರುವ ಡ್ರೈವರ್ ತುಣುಕುಗಳನ್ನಷ್ಟೇ, ಉಳಿಸಿ ಮಿಕ್ಕದ್ದನ್ನು ಕಿತ್ತುಹಾಕುತ್ತದೆ. ಹಿಂದೊಮ್ಮೆ ನಾನು ಒಂದು ಸರ್ವರಿಗೆ ಹಾಗೆ ಮಾಡಿದ್ದೆ. ಆರು ತಿಂಗಳ ಮೇಲೆ ನೆಟ್‌ವರ್ಕ್ ಸ್ವಿಚ್ ಕೆಟ್ಟ ರಾತ್ರಿ ಯುಎಸ್‌ಬಿ ಕನ್ಸೋಲ್ ಕೇಬಲ್ ಸಿಕ್ಕಿಸಿದರೆ ಅದರ ಡ್ರೈವರೇ ಇಲ್ಲ. ಬೆಳಗಿನ ತನಕ ಎಷ್ಟೋ ಜನರ ಕೆಲಸ ನಿಂತಿತು. ಆದ್ದರಿಂದ ಆ ಆಜ್ಞೆ ಕೊಡುವ ಮೊದಲು ಮನೆಯಲ್ಲಿರುವ ಪ್ರತಿಯೊಂದು ಯುಎಸ್‌ಬಿ ವಸ್ತುವನ್ನೂ ಒಂದೊಂದಾಗಿ ಚುಚ್ಚು: ಪೆನ್‌ಡ್ರೈವ್, ವೆಬ್‌ಕ್ಯಾಮ್, ಹೆಡ್‌ಫೋನ್, ಬೋರ್ಡು, ಫೋನು. ಒಮ್ಮೆ ಲೋಡ್ ಆದ ಮಾಡ್ಯೂಲ್ ಮರುಬೂಟ್ ತನಕ ಸಾಮಾನ್ಯವಾಗಿ ಉಳಿದಿರುತ್ತದೆ.

ಕಂಟ್ರೋಲರ್ ಮತ್ತು ಕೀಬೋರ್ಡ್ ಎರಡನ್ನೂ ಕರ್ನಲ್ಲಿನ ಒಳಗೇ ಇಡು, 'ವೈ'. ಡಿಸ್ಕ್ ಸಿಗದೆ ಬೂಟ್ ಅರ್ಧಕ್ಕೆ ನಿಂತಾಗ ಮಾಡ್ಯೂಲುಗಳಿರುವ ಡಿಸ್ಕೇ ಕೈಗೆಟುಕುವುದಿಲ್ಲ, ಕೀಬೋರ್ಡ್ ಬೇಕಾಗುವುದೂ ಆಗಲೇ. ಯುಎಸ್‌ಬಿಯ ಮೂಲ ಆಯ್ಕೆ 'ಎಂ', ಅಂದರೆ ಮಾಡ್ಯೂಲ್, ಆಗಿದ್ದರೆ ಕಂಟ್ರೋಲರಿಗೆ 'ವೈ' ಕೊಡಲು ಮೆನು ಬಿಡುವುದಿಲ್ಲ, ಮೇಲಿನದನ್ನು ಮೊದಲು ಬದಲಿಸು. ಉಳಿದದ್ದೆಲ್ಲ 'ಎಂ' ಇರಲಿ. ಬಳಸದ ಮಾಡ್ಯೂಲ್ ಡಿಸ್ಕಿನಲ್ಲಿ ಒಂದಿಷ್ಟು ಜಾಗ ಹಿಡಿಯುತ್ತದೆ, ಅಷ್ಟೇ.

ಹಳೆಯ ಕರ್ನಲ್ಲನ್ನು ಗ್ರಬ್ ಪಟ್ಟಿಯಿಂದ ತೆಗೆದಿಲ್ಲ ತಾನೆ? ಅದರಲ್ಲೇ ಎದ್ದು, ಎಲ್ಲವನ್ನೂ ಚುಚ್ಚಿದ ಮೇಲೆ 'ಎಲ್‌ಎಸ್‌ಯುಎಸ್‌ಬಿ ಹೈಫನ್ ಟಿ' ಕೊಟ್ಟು ಬಂದದ್ದನ್ನು ನನಗೆ ಕಳಿಸು. ಭಾನುವಾರ ತಿಂಡಿ ಆದ ಮೇಲೆ ಫೋನ್ ಮಾಡು, ಇಬ್ಬರೂ ಒಟ್ಟಿಗೆ ಆ ಮೆನು ತೆರೆಯೋಣ.